ಹಾಳೆ ಬೀಳಬಾರದು

ಮಾರ್ಚ್ 9

ಅಣ್ಣ,

ಹತ್ತು ದಿನದಲ್ಲಿ ಏಳು ಸಲ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ನಿಲ್ಲುತ್ತದೆ. ನನ್ನ ಫೋನ್ ಎತ್ತಬಾರದೆಂದು ನೀನು ತೀರ್ಮಾನಿಸಿದ್ದರೆ ಅದರ ಕಾರಣ ನನಗೂ ಗೊತ್ತಿದೆ. ಅದಕ್ಕೇ ಈ ಕಾಗದ. ಹರಿದು ಹಾಕುವ ಮೊದಲು ಪೂರ್ತಿ ಓದು. ಇದು ನನ್ನ ವಿಷಯವಲ್ಲ, ಮುದುಕಿಯ ವಿಷಯ.

ಮುದುಕಿಗೆ ಜ್ವರ. (ಅಪ್ಪ ಈ ಲಾರಿಗೆ ಇಟ್ಟ ಹೆಸರನ್ನು ಬರೆಯಲು ಈಚೆಗೆ ಸಂಕೋಚವಾಗುತ್ತದೆ. ನಾನೂ ಮುದುಕಿಯಾಗುವ ದಾರಿ ಹಿಡಿದಿದ್ದೇನೆ.) ಮೊದಲು ಗೊತ್ತಾದದ್ದು ರೈಲ್ವೆ ಗೇಟಿನಲ್ಲಿ. ಗೇಟು ಹಾಕಿತ್ತು. ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿದ್ದೆ. ಹತ್ತು ನಿಮಿಷಕ್ಕೆ ಶಾಖ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಹಿಂದೆ ಇದ್ದ ಟ್ರ್ಯಾಕ್ಟರಿನವನು "ಅಕ್ಕಾ, ಟೀ ರೆಡಿ ಆಯ್ತಾ?" ಎಂದು ಕೂಗಿದ.

ಆಮೇಲೆ ಗಮನಿಸುತ್ತ ಬಂದೆ. ಹೆದ್ದಾರಿಯಲ್ಲಿ ಜೋರಾಗಿ ಹೋದರೆ ಮುಳ್ಳು ಮಧ್ಯದಲ್ಲೇ ಇರುತ್ತದೆ. ಏರಿನಲ್ಲಿ ಎರಡನೇ ಗೇರಿಗೆ ಬಂದರೆ ಸಾಕು, ಮೇಲೇಳುತ್ತದೆ. ಕಳೆದ ಆಗಸ್ಟ್‌ನಲ್ಲಿ ನೀನು ಇಲ್ಲಿ ನಾಲ್ಕು ದಿನ ಇದ್ದು ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಕೊಟ್ಟೆ. ಅಷ್ಟರಲ್ಲಿ ಆ ವರ್ಷದ ಗುಡ್ಡದ ಓಡಾಟ ಮುಗಿದಿತ್ತು. ಚಳಿಗಾಲವಿಡೀ ಬಯಲಿನಲ್ಲೇ ಓಡಿಸಿದೆ, ತೊಂದರೆ ಕಾಣಲಿಲ್ಲ. ಈಗ ಬಿಸಿಲು ಬಂದಿದೆ.

ಜೂನ್ ಮೊದಲ ವಾರದಲ್ಲಿ ಗುಡ್ಡದ ಮೇಲೆ ಸೂರ್ಯಕಾಂತಿ ಅರಳುತ್ತದೆ. ನಲವತ್ತೆರಡು ಪೆಟ್ಟಿಗೆ ಜೇನುಹುಳುಗಳನ್ನು, ಬಾಗಿಲಿಗೆ ಜಾಲರಿ ಹೊಡೆದು, ಅಲ್ಲಿಗೆ ಹತ್ತಿಸಬೇಕು. ಹದಿನಾಲ್ಕು ತಿರುವು. ನಡುವೆ ಲಾರಿ ನಿಂತರೆ, ಬಿಸಿಲಿನಲ್ಲಿ ಎರಡು ಗಂಟೆ ಸಾಕು. ಮೇಣದ ಎರಿ ಮೆತ್ತಗಾಗಿ ಕುಸಿಯುತ್ತದೆ, ಹುಳುಗಳು ಒಳಗೇ ಬೆಂದುಹೋಗುತ್ತವೆ. ಇಲ್ಲೇ ಇಟ್ಟುಕೊಂಡರೆ ಹೂವಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ. ಓದಿ ಕಲಿತ ಕೆಲಸವನ್ನು ಬಿಟ್ಟು ಹತ್ತು ವರ್ಷವಾಯಿತು.

ಆಗಸ್ಟ್‌ನ ಆ ಕೊನೆಯ ಊಟದಲ್ಲಿ ನಾನು ಆಡಿದ ಮಾತಿನ ಬಗ್ಗೆಯೂ ಬರೆಯಬೇಕೆಂದು ಕೂತೆ. ಆಗುತ್ತಿಲ್ಲ. ಲಾರಿಗಾದರೂ ಉತ್ತರ ಕೊಡು.

ನಿನ್ನ ತಂಗಿ


ಮಾರ್ಚ್ 17

ಪುಟ್ಟಿ,

ಕಾಗದ ಸಿಕ್ಕಿತು. ಫೋನ್ ಮಾಡಬೇಡ. ಬರಿ. ಬರೆದರೆ ಇಬ್ಬರಿಗೂ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ.

ಜೋರಾಗಿ ಹೋದಾಗ ತಣ್ಣಗೆ, ನಿಧಾನ ಹೋದಾಗ ಬಿಸಿ. ಹಾಗಾದರೆ ದೋಷ ನೀರಿನದಲ್ಲ, ಗಾಳಿದು. ಜೋರಾಗಿ ಹೋಗುವಾಗ ಗಾಳಿ ತಾನಾಗೇ ಬಂದು ರೇಡಿಯೇಟರ್‌ಗೆ ಹೊಡೆಯುತ್ತೆ. ನಿಂತಾಗ ಫ್ಯಾನ್ ಎಳೀಬೇಕು. ಸೆಕೆಯಾದರೆ ಹುಳುಗಳು ಪೆಟ್ಟಿಗೆ ಬಾಗಿಲಲ್ಲಿ ನಿಂತು ರೆಕ್ಕೆ ಬೀಸುತ್ತವೆ ಅಂತ ನೀನೇ ತೋರಿಸಿದ್ದೆಯಲ್ಲ. ಅಷ್ಟೇ ವಿಷಯ.

ಒಂದು ದಿನಕ್ಕೆ ಒಂದೇ ಕೆಲಸ ಮಾಡು. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗಿ. ಬಿಸಿ ಇದ್ದಾಗ ಮುಟ್ಟಬೇಡ, ಅಪ್ಪನ ಮೊಣಕೈ ನೆನಪಿದೆಯಲ್ಲ. ನೀರು ಕುತ್ತಿಗೆವರೆಗೂ ಇದೆಯಾ, ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡು. ಆಮೇಲೆ ಮುಂದಿನ ಜಾಲರಿ ಬಿಚ್ಚಿ, ಟಾರ್ಚ್ ಹಾಕಿ ರೇಡಿಯೇಟರ್ ಮುಖ ನೋಡು. ಕಸ ಕೂತಿದ್ದರೆ ಎಂಜಿನ್ ಕಡೆಯಿಂದ ಹೊರಗಡೆಗೆ ನೀರು ಬಿಡು. ಮೆಲ್ಲಗೆ. ಜೋರಾಗಿ ಬಿಟ್ಟರೆ ತಗಡಿನ ಎಸಳು ಮಡಚಿಕೊಳ್ಳುತ್ತೆ.

ಅವತ್ತಿನ ಮಾತು ಬಿಡು. ಹಳೇ ಸರಕು.

ಅಣ್ಣ


ಮಾರ್ಚ್ 30

ಅಣ್ಣ,

ಮುಚ್ಚಳ ಚೆನ್ನಾಗಿದೆ, ನೀರಿದೆ. ಆದರೆ ಜಾಲರಿ ಬಿಚ್ಚಿದಾಗ ರೇಡಿಯೇಟರ್ ಮುಖದ ಕೆಳಗಿನ ಅರ್ಧ ಕಾಣುತ್ತಲೇ ಇರಲಿಲ್ಲ. ಸ್ವಲ್ಪ ಹೊಟ್ಟು, ಸ್ವಲ್ಪ ಒಣಹುಲ್ಲು, ಮಿಕ್ಕದ್ದೆಲ್ಲ ನನ್ನ ಹುಳುಗಳು. ಏಳು ತಿಂಗಳಲ್ಲಿ ಒಂದರ ಮೇಲೊಂದು ಬಡಿದು, ಒಣಗಿ, ಕಂದು ರಟ್ಟಿನ ಹಾಗೆ ಅಂಟಿಕೊಂಡಿದ್ದವು. ಸಾಕಿದವಳ ಲಾರಿಗೇ ಸಿಕ್ಕಿ ಸತ್ತಿವೆ. ನೀರು ಬಿಟ್ಟಾಗ ಒಂದೊಂದಾಗಿ ಬಿಡಿಸಿಕೊಂಡು ಹರಿದವು. ಬಕೆಟ್ಟಿನಲ್ಲಿ ಹಿಡಿದೆ. ಚೆಲ್ಲಲು ಮನಸ್ಸಾಗದೆ ಎರಡು ದಿನ ಜಗಲಿಯ ಮೇಲೇ ಇಟ್ಟಿದ್ದೆ. ಆಮೇಲೆ ನನಗೇ ನಗು ಬಂತು. ಮನೆಯಲ್ಲಿ ಒಬ್ಬಳೇ ಇದ್ದರೆ ಇಂಥ ದುಃಖಗಳಿಗೂ ಪುರುಸೊತ್ತು ಸಿಗುತ್ತದೆ.

ಪರಿಣಾಮ: ಗೇಟಿನಲ್ಲಿ ಹತ್ತು ನಿಮಿಷಕ್ಕೆ ಕೆಂಪಾಗುತ್ತಿದ್ದ ಮುಳ್ಳು ಈಗ ಹದಿನೈದಕ್ಕೆ ಕೆಂಪಾಗುತ್ತದೆ. ಖಾಲಿ ಲಾರಿಯನ್ನು ಗುಡ್ಡಕ್ಕೆ ಹತ್ತಿಸಿ ನೋಡಿದೆ. ಮೂರನೇ ತಿರುವು ದಾಟಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ, ಆರುವವರೆಗೆ ರಸ್ತೆಬದಿಯಲ್ಲಿ ಕೂತಿದ್ದೆ. ಎರಡು ಗಂಟೆ. ಪೆಟ್ಟಿಗೆಗಳಿದ್ದಿದ್ದರೆ, ಎಂದು ಯೋಚಿಸದಿರಲು ಪ್ರಯತ್ನಿಸಿದೆ.

ನಮ್ಮ ಮೂಲೆಯ ಪಂಕ್ಚರ್ ಅಂಗಡಿಯ ಮಾಮ ಬಂದು ನೋಡಿದ.

"ಅಮ್ಮಾ, ಒಳಗೆ ಥರ್ಮೋಸ್ಟಾಟ್ ಅಂತ ಒಂದಿರುತ್ತೆ. ಕಿತ್ತು ಬಿಸಾಕಿ. ನೀರು ಧಾರಾಳವಾಗಿ ಓಡಾಡ್ಲಿ."

"ಅದು ಕೆಟ್ಟಿದೆಯಾ ಅಂತ ಮೊದಲು ನೋಡಬೇಡ್ವಾ ಮಾಮ?"

"ಕೆಟ್ಟಿದ್ರೂ ಸರಿ ಇದ್ರೂ, ಕಿತ್ತಮೇಲೆ ಎರಡೂ ಒಂದೇ ಅಲ್ವಾ?"

ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದೆ. "ಓ, ಆ ಕಿವಿ ಮೇಸ್ತ್ರಿನಾ? ಲಾರಿ ಇನ್ನೂ ರಸ್ತೆ ತಿರುವಲ್ಲಿದ್ರೆ ಇಲ್ಲಿ ಕೂತು ಯಾವ ವಾಲ್ವ್ ಸಡಿಲ ಅಂತ ಹೇಳ್ತಾರಂತಲ್ಲ? ಹಂಗಾದ್ರೆ ಅವರನ್ನೇ ಕೇಳಿ, ನಾನ್ಯಾಕೆ ಮಧ್ಯ" ಎಂದ. ನಿನ್ನ ಕಿವಿಯ ಖ್ಯಾತಿ ಇಲ್ಲಿಯವರೆಗೂ ಬಂದಿದೆ.

ಫೋನ್ ಏಕೆ ಬೇಡವೋ ನನಗೆ ಅರ್ಥವಾಗಿಲ್ಲ. ಎಂಜಿನ್ ಪಕ್ಕ ಫೋನ್ ಹಿಡಿದರೆ ನೀನು ಅಲ್ಲಿಂದಲೇ ಹೇಳಬಹುದಿತ್ತು. ಇರಲಿ. ನಿನ್ನ ಕೋಪ ನಿನ್ನದು.

ನಿನ್ನ ತಂಗಿ


ಏಪ್ರಿಲ್ 6

ಪುಟ್ಟಿ,

ಮಗು ಅಳುತ್ತೆ ಅಂತ ಬಾಯಿಗೆ ಬಟ್ಟೆ ತುರುಕಿದ ಹಾಗಾಯ್ತು ನಿನ್ನ ಮಾಮನ ಮದ್ದು. ಅವನ ಹತ್ತಿರ ಪಂಕ್ಚರ್ ಹಾಕಿಸು, ಬುದ್ಧಿ ಹಾಕಿಸಿಕೊಳ್ಳಬೇಡ. ಥರ್ಮೋಸ್ಟಾಟ್ ಅನ್ನೋದು ನೀರಿನ ಬಾಗಿಲು. ತಣ್ಣಗಿದ್ದಾಗ ಮುಚ್ಚಿರುತ್ತೆ, ಬಿಸಿಯಾದಾಗ ತೆರೆಯುತ್ತೆ. ಬಿಚ್ಚಿ ದಾರ ಕಟ್ಟಿ ಪಾತ್ರೆ ನೀರಲ್ಲಿ ಇಳಿಬಿಟ್ಟು ಒಲೆ ಹಚ್ಚು. ನೀರು ಕುದಿಯೋಕೆ ಬರುವಷ್ಟರಲ್ಲಿ ತೆರೆದರೆ ಸರಿ ಇದೆ. ತೆರೆಯದಿದ್ದರೆ ಹೊಸದು ಹಾಕು.

ಇನ್ನೊಂದು ದಿನ ಫ್ಯಾನ್ ಬೆಲ್ಟ್ ನೋಡು. ಎಂಜಿನ್ ಆಫ್ ಇರಬೇಕು. ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಬೆರಳಿನ ದಪ್ಪದಷ್ಟು ತಗ್ಗಬೇಕು, ಜಾಸ್ತಿ ಅಲ್ಲ.

ಮತ್ತೊಂದು ದಿನ ಕೂದಲು ಬಿಗಿಯಾಗಿ ಕಟ್ಟು, ಕೊರಳಲ್ಲಿ ಏನೂ ಜೋತಾಡಬಾರದು. ಎಂಜಿನ್ ಚಾಲೂ ಮಾಡಿ, ಮುಂದೆ ನಿಂತು, ಬರೆಯೋ ಹಾಳೆ ಒಂದನ್ನು ರೇಡಿಯೇಟರ್ ಮುಖಕ್ಕೆ ಹಿಡಿದು ಕೈ ಬಿಡು. ಫ್ಯಾನ್ ಸರಿಯಾಗಿ ಎಳೀತಿದ್ದರೆ ಹಾಳೆ ಅಂಟಿಕೊಂಡು ನಿಲ್ಲುತ್ತೆ. ಹಾಳೆ ಬೀಳಬಾರದು.

ಆಮೇಲೆ ಎಂಜಿನ್ ರೇಸ್ ಮಾಡಿದಾಗ ಫ್ಯಾನ್ ಸದ್ದು ಹೇಗಿದೆ ಅಂತ ಅಕ್ಷರದಲ್ಲಿ ಬರಿ. ಅಷ್ಟು ಓದಿದ್ದೀಯ, ಬರೆಯೋಕಾಗಲ್ವಾ?

ಕೋಪ ಏನಿಲ್ಲ.

ಅಣ್ಣ


ಏಪ್ರಿಲ್ 21

ಅಣ್ಣ,

ಥರ್ಮೋಸ್ಟಾಟ್ ಅನ್ನು ಟೀ ಪಾತ್ರೆಯಲ್ಲಿ ಇಳಿಬಿಟ್ಟೆ. ತುಂಬ ಹೊತ್ತು ಏನೂ ಆಗಲಿಲ್ಲ, ಆಮೇಲೆ ನಿದ್ದೆಯಿಂದ ಎದ್ದವರು ಕಣ್ಣು ಬಿಡುವ ಹಾಗೆ ಮೆಲ್ಲಗೆ ತೆರೆಯಿತು. ಯಾರಿಗಾದರೂ ತೋರಿಸಬೇಕೆನಿಸಿತು. ಅಡುಗೆಮನೆಯಲ್ಲಿ ತಿರುಗಿ ನೋಡಿದೆ ಕೂಡ. ಸರಿಯಿದೆ ಎಂದು ಮತ್ತೆ ಹಾಕಿದೆ.

ಬೆಲ್ಟ್ ಸರಿಯಾಗಿದೆ. ನೀನು ಆಗಸ್ಟ್‌ನಲ್ಲಿ ಹಾಕಿದ ಹೊಸದು. ಹೆಬ್ಬೆರಳಲ್ಲಿ ಒತ್ತಿದೆ, ನೀನು ಹೇಳಿದಷ್ಟೇ ತಗ್ಗಿತು.

ಹಾಳೆ ಒಂದು ಕ್ಷಣ ನಿಂತ ಹಾಗೆ ಮಾಡುತ್ತದೆ, ಆಮೇಲೆ ಜಾರಿ ಬೀಳುತ್ತದೆ. ಐದು ಸಲ ಮಾಡಿದೆ.

ಇನ್ನು ಸದ್ದು. ನಾಲ್ಕು ಸಂಜೆ ಕೂತು ಬರೆದೆ, ಹರಿದೆ. ಅಪ್ಪ ನಿನ್ನನ್ನು ಹದಿಮೂರಕ್ಕೆ ಶಾಲೆ ಬಿಡಿಸಿ ಟಾರ್ಚ್ ಹಿಡಿಯಲು ನಿಲ್ಲಿಸಿದರು. ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರು. ನಿನ್ನ ದುಡಿಮೆಯಲ್ಲಿ ನಾನು ಕಲಿತ ಎರಡು ಭಾಷೆಯಲ್ಲಿ ಹುಡುಕಿದರೂ ಒಂದು ಫ್ಯಾನಿನ ಸದ್ದಿಗೆ ಮಾತು ಸಿಗಲಿಲ್ಲ. 'ಗರಗರ' ಎಂದು ಬರೆದರೆ ಹಿಟ್ಟಿನ ಗಿರಣಿ ಆಗುತ್ತದೆ, 'ಸುಯ್' ಎಂದರೆ ಗಾಳಿಪಟ. ಕೊನೆಗೆ ಸೋತು, ಫೋನಿನಲ್ಲಿ ರೆಕಾರ್ಡ್ ಮಾಡಿ ಅತ್ತಿಗೆಯ ಫೋನಿಗೆ ಕಳಿಸಿದ್ದೇನೆ. ನಾಲ್ಕು ನಿಮಿಷ ಇದೆ. ಕಿವಿ ಮೇಸ್ತ್ರಿಗೆ ನಾಲ್ಕು ಸೆಕೆಂಡ್ ಸಾಕು.

ನಿನ್ನ ತಂಗಿ


ಮೇ 2

ಪುಟ್ಟಿ,

ಕೇಳಿದೆ. ಎಂಜಿನ್ ಚೆನ್ನಾಗಿದೆ. ಫ್ಯಾನ್ ಸದ್ದೂ ಸರಿಯಾಗಿದೆ.

ಹಾಗಾದರೆ ರೇಡಿಯೇಟರ್ ಒಳಗಿನ ಕೊಳವೆ ಕಟ್ಟಿಕೊಂಡಿರಬೇಕು. ಬಿಚ್ಚಿ ಪೇಟೆಯಲ್ಲಿ ಕೊಡು. ತೊಟ್ಟಿ ತೆಗೆದು ಸಲಾಕೆ ಹಾಕಿ ಕೆರೀತಾರೆ. ತಿಂಗಳು ಆಗಬಹುದು. ಈ ವರ್ಷ ಹುಳುಗಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗೋದು ಬೇಡ.

ಅಣ್ಣ


ಮೇ 9

ಅತ್ತಿಗೆ,

ಈ ಕಾಗದ ನಿಮಗೆ ಮಾತ್ರ.

ಅಣ್ಣನ ಉತ್ತರ ಓದಿ ಮನಸ್ಸು ಒಪ್ಪಲಿಲ್ಲ. ಮೊದಲ ಕಾಗದದಲ್ಲೇ ನೀರಿನ ದೋಷವಲ್ಲ, ಗಾಳಿಯದು ಎಂದವನು ಈಗ ರೇಡಿಯೇಟರ್ ಒಳಗೆ ಕೆರೆಸು ಎನ್ನುತ್ತಾನೆ. ಸರಿಯಾದ ಫ್ಯಾನಿನ ಸದ್ದು ಹೇಗಿರುತ್ತದೆಂದು ನಾನಾದರೂ ಕಲಿಯೋಣವೆಂದು, ನಿಮಗೆ ಕಳಿಸಿದ್ದನ್ನು ತೆರೆದು ಕೇಳಿದೆ.

ಅದು ಎಂಜಿನ್ ಅಲ್ಲ, ಅತ್ತಿಗೆ. ನಾನು ಪೆಟ್ಟಿಗೆಗಳ ಸದ್ದನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ. ರಾಣಿಹುಳು ಸತ್ತ ಪೆಟ್ಟಿಗೆ ಗುನುಗುವುದಿಲ್ಲ, ನರಳುತ್ತದೆ. ಕೇಳಿದರೆ ಗೊತ್ತಾಗುತ್ತದೆ. ಅವಸರದಲ್ಲಿ ಹದಿನೇಳನೇ ಪೆಟ್ಟಿಗೆಯ ನರಳಾಟವನ್ನು ಕಳಿಸಿಬಿಟ್ಟಿದ್ದೆ. ನಾಲ್ಕು ನಿಮಿಷವೂ ಅದೇ. ಅಣ್ಣ ಅದನ್ನು ಕೇಳಿ ಫ್ಯಾನ್ ಸದ್ದು ಸರಿಯಾಗಿದೆ ಎಂದು ಬರೆದಿದ್ದಾನೆ.

ಎರಡು ದಿನದಿಂದ ಆಗಸ್ಟ್ ತಿಂಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಆ ನಾಲ್ಕು ದಿನವೂ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ವಯಸ್ಸಾದಂತೆ ಪ್ರೀತಿ ಹೆಚ್ಚಿದೆ ಎಂದುಕೊಂಡಿದ್ದೆ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಕೆಲಸದ ಗಮನ ಎಂದುಕೊಂಡೆ. ಕೊನೆಯ ದಿನ ಒಲೆಯ ಮುಂದೆ ನಿಂತು, ಅವನಿಗೆ ಬೆನ್ನು ಹಾಕಿ ಏನೋ ಹೇಳಿದೆ. ನನಗೆ ಅದು ಸಣ್ಣ ವಿಷಯವಾಗಿರಲಿಲ್ಲ, ಮುಖ ನೋಡಿ ಹೇಳಲು ಧೈರ್ಯವಿರಲಿಲ್ಲ. ಹೇಳಿ ಮುಗಿಸಿದಾಗ ಅವನು ಕೇಳಿದ್ದು, "ಉಪ್ಪು ಎಲ್ಲಿದೆ?" ಆಗ ತಿರುಗಿ, "ನಿನ್ನ ಹತ್ರ ಹೇಳೋದೂ ಒಂದೇ, ಗೋಡೆ ಹತ್ರ ಹೇಳೋದೂ ಒಂದೇ" ಎಂದೆ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹೋಗಿದ್ದ.

ಎಷ್ಟು ದಿನದಿಂದ, ಅತ್ತಿಗೆ?

ನಿಮ್ಮ ನಾದಿನಿ


ಮೇ 16

ಪುಟ್ಟಿಗೆ,

ಎರಡೂವರೆ ವರ್ಷ ಆಯ್ತು ಕಣೆ. ಎಡಗಿವಿ ಮೊದಲು ಹೋಯ್ತು. ಬಲಗಿವಿ, ನಿಮ್ಮನೆಗೆ ಬರೋ ಹಿಂದಿನ ತಿಂಗಳು. ಡಾಕ್ಟರು ಕಿವಿಗೆ ಮಿಷನ್ ಕೊಟ್ಟಿದ್ದಾರೆ. ಅದರಲ್ಲಿ ಗದ್ದಲ ಬರುತ್ತೆ, ಮಾತು ಬರಲ್ಲ ಅಂತ ಇವರು ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಕೊನೆಕೊನೆಗೆ ಸ್ಕ್ರೂಡ್ರೈವರ್ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಎಂಜಿನ್‌ಗೆ ಒತ್ತಿ, ಕಣ್ಣು ಮುಚ್ಚಿಕೊಂಡು ನಿಲ್ತಿದ್ದರು. ನೋಡೋಕಾಗ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಗ್ಯಾರೇಜ್ ಮುಚ್ಚಿದರು. ಕೇಳಿದವರಿಗೆಲ್ಲ ಮಂಡಿ ನೋವು ಅಂತ ಹೇಳಿದ್ದೀವಿ.

ನೀನು ಕಳಿಸಿದ್ದನ್ನು ಫೋನ್ ಕಿವಿಗೆ ಒತ್ತಿಕೊಂಡು ನಾಲ್ಕು ನಿಮಿಷ ಪೂರ್ತಿ ಕೂತಿದ್ದರು. ಆಮೇಲೆ ಮೇಸ್ತ್ರಿ ಹಾಗೆ ತಲೆ ಆಡಿಸಿದರು. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸ್ತಿದ್ದೆ. ಜೇನಿನ ಸದ್ದು ಅಂತ ನನಗೂ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ.

ನಿನ್ನ ಕಾಗದ ಬಂದ ದಿನ ಅವರು ಮನುಷ್ಯರ ಹಾಗೆ ಇರ್ತಾರೆ. ಕನ್ನಡಕ ಒರೆಸಿಕೊಂಡು ಕೂತು ಓದಿ, ಊಟಕ್ಕೆ ಕೂತಾಗ ಮತ್ತೊಮ್ಮೆ ಓದ್ತಾರೆ. ಅದೊಂದನ್ನು ಕಿತ್ತುಕೊಳ್ಳಬೇಡ. ಗೊತ್ತಿಲ್ಲದ ಹಾಗೇ ಇದ್ದುಬಿಡು.

ಅತ್ತಿಗೆ


ಜೂನ್ 12

ಅಣ್ಣ,

ಸಂತೋಷದ ಸುದ್ದಿ. ಹುಳುಗಳು ಗುಡ್ಡ ಹತ್ತಿದವು.

ಬೆಲ್ಟ್ ಸಡಿಲವಿತ್ತು, ಬಿಗಿ ಮಾಡಿಸಿದೆ, ಅಷ್ಟರಿಂದಲೇ ಸರಿಹೋಯಿತು. ರೇಡಿಯೇಟರ್ ಕೆರೆಸುವ ಅಗತ್ಯ ಬೀಳಲಿಲ್ಲ. ಕಳೆದ ಶನಿವಾರ ಬೆಳಕು ಹರಿಯುವ ಮೊದಲೇ ಹೊರಟೆ. ಏಳನೇ ತಿರುವಿನಲ್ಲಿ ಮರದ ದಿಮ್ಮಿ ತುಂಬಿದ ಗಾಡಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಬಿಸಿಲು ಏರಿತ್ತು. ಮುಕ್ಕಾಲು ಗಂಟೆ, ಎಂಜಿನ್ ಚಾಲೂ ಇಟ್ಟು, ಅಡಿ ಅಡಿಯಾಗಿ ಮುಂದೆ ಹೋಗುತ್ತ ಹತ್ತಿದೆ. ಮುಳ್ಳು ಮಧ್ಯ ಬಿಟ್ಟು ಅಲ್ಲಾಡಲಿಲ್ಲ. ಮೇಲೆ ಹೋಗಿ ಜಾಲರಿ ತೆಗೆದಾಗ ಮೊದಲ ಹುಳು ಬಾಗಿಲಿಗೆ ಬಂದು, ಸ್ವಲ್ಪ ಹೊತ್ತು ನಿಂತು, ಹಾರಿತು. ನಲವತ್ತೆರಡೂ ಜೀವಂತ. ಹದಿನೇಳನೆಯದಕ್ಕೂ ಹೊಸ ರಾಣಿ ಕೊಟ್ಟಿದ್ದೇನೆ.

ಎಲ್ಲ ನಿನ್ನಿಂದಲೇ ಆಯಿತು. ಇನ್ನೇನೂ ತೊಂದರೆಯಿಲ್ಲ. ಆದರೂ ಬರೆಯುತ್ತಿರು.

ನಿನ್ನ ತಂಗಿ


ಜೂನ್ 20

ಪುಟ್ಟಿ,

ಹುಳು ಗುಡ್ಡ ಹತ್ತಿದ್ದು ಓದಿ ಖುಷಿಯಾಯ್ತು. ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಬೆಲ್ಟ್ ಹತ್ತಿರ ನಿಂತೆ.

ಏಪ್ರಿಲ್ 21ರ ಕಾಗದ ಮುಂದೆ ಇಟ್ಟುಕೊಂಡಿದ್ದೇನೆ. 'ಹೆಬ್ಬೆರಳಲ್ಲಿ ಒತ್ತಿದೆ, ನೀನು ಹೇಳಿದಷ್ಟೇ ತಗ್ಗಿತು.' ನಿನ್ನದೇ ಅಕ್ಷರ. ಬೆಲ್ಟ್ ಸಡಿಲ ಇರಲಿಲ್ಲ.

ಫೋನಲ್ಲಿ ಹೇಳಿದ್ದರೆ ನಾನೇ ತಪ್ಪು ಕೇಳಿಸಿಕೊಂಡೆ ಅಂತ ಸುಮ್ಮನಾಗ್ತಿದ್ದೆ. ಎರಡೂವರೆ ವರ್ಷದಿಂದ ಅದೇ ಮಾಡಿದ್ದೇನೆ. ಯಾರು ಏನೇ ಹೇಳಲಿ, ಹೊಂದದಿದ್ದರೆ ತಪ್ಪು ನನ್ನ ಕಿವಿದು. ಕಾಗದದಲ್ಲಿ ಹಾಗಲ್ಲ. ಕಾಗದದಲ್ಲಿ ಸುಳ್ಳಿದ್ದರೆ ಅದು ಬರೆದವರದು.

ನನ್ನ ಕಿವಿ ವಿಷಯ ನಿನಗೆ ಗೊತ್ತಾಗಿದೆ. ಫ್ಯಾನ್ ಸದ್ದು ಸರಿಯಾಗಿದೆ ಅಂತ ಬರೆದಮೇಲೆ ನೀನು ಒಂದು ತಿಂಗಳಿಗಿಂತ ಹೆಚ್ಚು ಏನೂ ಬರೀಲಿಲ್ಲ. ಆಗಲೇ ಅಂದುಕೊಂಡೆ. ನಿಮ್ಮತ್ತಿಗೆ ಮುಖವೂ ಹೇಳ್ತಿತ್ತು. ಅವಳು ಬೈಯೋದು ನಿಲ್ಲಿಸಿದ್ದಾಳೆ.

ಎರಡು ಕೇಳ್ತೀನಿ. ನಾಜೂಕು ಮಾಡಬೇಡ.

ಲಾರಿಗೆ ಏನಾಗಿತ್ತು?

ಆಗಸ್ಟ್‌ನಲ್ಲಿ ಒಲೆ ಕಡೆ ಮುಖ ಮಾಡಿಕೊಂಡು ಏನು ಹೇಳಿದೆ? ಮಾತಾಡ್ತಿದ್ದೀಯ ಅಂತ ನಿನ್ನ ಭುಜ ನೋಡಿ ತಿಳೀತು. ಏನಂತ ತಿಳೀಲಿಲ್ಲ. ಗಾಬರಿಯಾಗಿ ಉಪ್ಪು ಕೇಳಿದೆ. ಉಪ್ಪು ನನ್ನ ಮುಂದೆಯೇ ಇತ್ತು. ನೀನು ತಿರುಗಿ ಗೋಡೆ ಅಂದದ್ದು ಮಾತ್ರ ತುಟಿ ನೋಡಿ ಗೊತ್ತಾಯ್ತು.

ಅಣ್ಣ


ಜೂನ್ 28

ಅಣ್ಣ,

ನಾನು ನಿನಗೆ ಕಳಿಸಿದ್ದು ಎಂಜಿನ್ ಸದ್ದಾಗಿರಲಿಲ್ಲ. ಜೇನುಪೆಟ್ಟಿಗೆಯದು. ಬೇಕೆಂದು ಮಾಡಿದ್ದಲ್ಲ.

ಅದು ಗೊತ್ತಾದ ಮೇಲೆ, ನಿನ್ನ ಮೇ ತಿಂಗಳ ಕಾಗದವನ್ನು ಪಕ್ಕಕ್ಕಿಟ್ಟು, ಅದಕ್ಕೆ ಹಿಂದಿನ ಕಾಗದಕ್ಕೆ ಮರಳಿದೆ. ಹಾಳೆ ಬೀಳಬಾರದು ಎಂದು ನೀನು ಬರೆದಿದ್ದೆ. ಹಾಳೆ ಬೀಳುತ್ತಿತ್ತು. ಅಂದರೆ ಫ್ಯಾನ್. ಮಾಮನ ಅಂಗಡಿಯ ಹಿಂದೆ ಇದೇ ಮಾದರಿಯ ಹಳೆಯ ಲಾರಿಯೊಂದು ಗುಜರಿಗೆ ಬಿದ್ದಿದೆ. ಅದರ ಫ್ಯಾನಿನ ಎಲೆಗಳ ಗುಳಿ, ಚಮಚದ ಗುಳಿಯ ಹಾಗಿರುವ ಕಡೆ, ಎಂಜಿನ್ ಕಡೆಗಿತ್ತು. ನಮ್ಮ ಮುದುಕಿಯದು ರೇಡಿಯೇಟರ್ ಕಡೆಗಿತ್ತು. ತಿರುಗುತ್ತಿತ್ತು, ಗಾಳಿಯನ್ನೂ ಎಳೆಯುತ್ತಿತ್ತು. ಅರೆಬರೆ.

ಫ್ಯಾನ್ ತಿರುವುಮುರುವಾಗಿ ಕೂತಿತ್ತು, ಅಣ್ಣ. ಆಗಸ್ಟ್‌ನಿಂದ.

ಆಮೇಲೆ ಮಾಮನ ಸ್ಪ್ಯಾನರ್ ತಂದು ನಾಲ್ಕು ಬೋಲ್ಟ್ ಬಿಚ್ಚಿ, ತಿರುಗಿಸಿ ಹಾಕಿದೆ. ಮಾಮ ಬಂದು ನೋಡಿ, "ಯಾವನಮ್ಮ ಇದನ್ನ ಉಲ್ಟಾ ಹಾಕಿದ್ದು?" ಎಂದ. ನಾನೇ ಎಂದೆ. "ಅದಕ್ಕೇ ಹೇಳೋದು, ಓದಿದೋರು ಸ್ಪ್ಯಾನರ್ ಮುಟ್ಟಬಾರದು ಅಂತ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಎರಡನೆಯದು. ಅವತ್ತು ಹೇಳಿದ್ದು ಇಷ್ಟೇ. 'ನಿಮ್ಮ ಭಾವ ಇನ್ನು ಬರುವುದಿಲ್ಲ. ಬಟ್ಟೆಯನ್ನೂ ತರಿಸಿಕೊಂಡರು. ಸಂಜೆ ಹೊತ್ತು ಈ ಮನೆಯಲ್ಲಿ ನನಗೆ ನನ್ನ ಉಸಿರೇ ಕೇಳಿಸುತ್ತದೆ. ಇನ್ನೆರಡು ದಿನ ಇದ್ದು ಹೋಗು ಅಣ್ಣ.'

ಒಲೆಗೆ ಹೇಳಿದೆ. ನಿನಗೆ ಹೇಳಲಿಲ್ಲ.

ನಿನ್ನ ತಂಗಿ


ಜುಲೈ 15

ಪುಟ್ಟಿ,

ಉತ್ತರ ಬರೆಯೋಕೆ ಇಷ್ಟು ದಿನ ಬೇಕಾಯ್ತು.

ಮೂವತ್ತೊಂಬತ್ತು ವರ್ಷದಲ್ಲಿ ನಾನು ಫ್ಯಾನನ್ನು ನೋಡಿ ಹಾಕಿದ್ದೇ ಇಲ್ಲ. ಕೈಗೆ ಬಂದ ಹಾಗೆ ಇಟ್ಟು, ಬೋಲ್ಟ್ ಬೆರಳಲ್ಲಿ ಹತ್ತಿಸಿ, ಸ್ಟಾರ್ಟ್ ಮಾಡೋದು. ಉಲ್ಟಾ ಇದ್ದರೆ ಮೊದಲನೇ ಸುತ್ತಿಗೇ ಕಿವಿ ಹೇಳೋದು. ಬಿಚ್ಚಿ ತಿರುಗಿಸೋದು. ಬೇರೆಯವರು ಕಣ್ಣಲ್ಲಿ ಮಾಡೋದನ್ನ ನಾನು ಕಿವಿಯಲ್ಲಿ ಮಾಡ್ತೀನಿ ಅಂತ ಜಂಬ ಇತ್ತು. ನಿನ್ನ ಅಂಗಳದಲ್ಲಿ ಸ್ಟಾರ್ಟ್ ಮಾಡಿದಾಗ ಕಿವಿ ಏನೂ ಹೇಳಲಿಲ್ಲ. ಕಿವಿ ಏನೂ ಹೇಳದಿದ್ದರೆ ಎಲ್ಲ ಸರಿ ಇದೆ ಅಂತ ನನ್ನ ಲೆಕ್ಕ. ಬೋಲ್ಟ್ ಬಿಗಿ ಮಾಡಿ ಎದ್ದೆ.

ನೀನು ಮಾಮನ ಮುಂದೆ ತಪ್ಪು ನಿನ್ನದು ಅಂದದ್ದು ಸರಿಯಲ್ಲ. ಹೋಗಿ ನನ್ನ ಹೆಸರು ಹೇಳು.

ನಿನ್ನದು ಆದಮೇಲೆ ಡಿಸೆಂಬರ್‌ವರೆಗೆ ಹನ್ನೊಂದು ಗಾಡಿ ಕಟ್ಟಿ ಕಳಿಸಿದ್ದೇನೆ. ಎಲ್ಲ ಅದೇ ಕಿವಿ ನಂಬಿ. ಯಾವ ಏರಿನಲ್ಲಿ ಯಾರು ನಿಂತಿದ್ದಾರೋ. ಯಾರ ಗಾಡಿಯಲ್ಲಿ ಏನು ಉಲ್ಟಾ ಇದೆಯೋ. ನಿದ್ದೆ ಬರ್ತಿಲ್ಲ. ಎಲ್ಲರಿಗೂ ಬರೀಬೇಕು. ಗಾಡಿ ತನ್ನಿ, ಒಂದೊಂದು ಬೋಲ್ಟನ್ನೂ ಕಣ್ಣಲ್ಲಿ ನೋಡಿ ಸರಿ ಮಾಡಿಕೊಡ್ತೀನಿ ಅಂತ. ವಿಳಾಸಗಳನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ನಾನು ಬರೆಯೋಕೆ ಕೂತರೆ ಎರಡನೇ ಸಾಲಿಗೇ ಮಂಡಿ ನೋವು ಅಂತ ಬರ್ತಿದೆ. ನೀನು ಬರೆದು ಕಳಿಸು. ಕಿವಿ ಕೇಳಿಸಲ್ಲ ಅಂತಲೇ ಬರಿ. ಸಹಿ ನಾನು ಹಾಕ್ತೀನಿ.

ಇನ್ನೊಂದು ಮಾತಿಗೆ ಉತ್ತರ. ಕೇಳಿಸಿದ್ದರೆ ಇರ್ತಿದ್ದೆ.

ಅಣ್ಣ


ಆಗಸ್ಟ್ 3

ಅಣ್ಣ,

ಹನ್ನೊಂದು ಕಾಗದಗಳು ಇದರ ಜೊತೆಗಿವೆ. ಪ್ರತಿಯೊಂದೂ ಒಂದೇ ಸಾಲಿನಿಂದ ಶುರುವಾಗುತ್ತದೆ: 'ನನಗೆ ಕಿವಿ ಕೇಳಿಸುವುದಿಲ್ಲ. ನಿಮ್ಮ ಗಾಡಿಯನ್ನು ಕಟ್ಟುವಾಗಲೂ ಕೇಳಿಸುತ್ತಿರಲಿಲ್ಲ.' ಆ ಸಾಲನ್ನು ಮೆತ್ತಗೆ ಮಾಡಲು ಮೊದಲ ಮೂರು ಕಾಗದಗಳಲ್ಲಿ ನೋಡಿದೆ. ನಾಜೂಕು ಬೇಡ ಎಂದದ್ದು ನೆನಪಾಗಿ ಮತ್ತೆ ಬರೆದೆ. ಹನ್ನೊಂದು ಸಲ ನಿನ್ನ ಪರವಾಗಿ 'ನಾನು' ಎಂದು ಬರೆಯುವಾಗ ವಿಚಿತ್ರವೆನಿಸಿತು. ನಾಲ್ಕನೆಯ ವಿಳಾಸ ಸರಿಯಾಗಿ ಓದಲಾಗಲಿಲ್ಲ, ನೋಡು.

ಮಾಮನಿಗೆ ಹೇಳಿದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ತೋರಿಸಿದ. "ನಮಗೆ ಟ್ಯೂಬು ತೂತಾಗಿದ್ರೆ ಗುಳ್ಳೆ ಏಳುತ್ತೆ, ಕಣ್ಣಿಗೆ ಕಾಣುತ್ತೆ. ನಿಮ್ಮಣ್ಣನ ಕೆಲಸ ಕಷ್ಟ ಬಿಡಿ" ಎಂದ. ನನ್ನ ಬಗ್ಗೆ ಹೇಳಿಕೊಂಡು ತಿರುಗಿದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ.

ಹುಳುಗಳು ಇನ್ನೂ ಗುಡ್ಡದ ಮೇಲಿವೆ. ಅವೂ ಇಲ್ಲದ ಅಂಗಳ ತುಂಬ ದೊಡ್ಡದಾಗಿ ಕಾಣುತ್ತದೆ. ಮುಂದೆ ಯಾವತ್ತಾದರೂ ಬಂದರೆ ಮೇಜಿಗೆ ನಿನ್ನ ಎದುರು ಕೂತು ಮಾತಾಡುತ್ತೇನೆ. ಒಲೆಯ ಕಡೆ ತಿರುಗುವುದಿಲ್ಲ.

ಏಪ್ರಿಲ್‌ನಲ್ಲಿ ನೀನು ಸದ್ದನ್ನು ಅಕ್ಷರದಲ್ಲಿ ಬರಿ ಎಂದಿದ್ದೆ. ಇವತ್ತೂ ಪ್ರಯತ್ನಿಸಿದೆ, ಇವತ್ತೂ ಬರಲಿಲ್ಲ. ಆದ್ದರಿಂದ ಬೇರೆ ಕೆಲಸ ಮಾಡಿದ್ದೇನೆ. ಬೆಳಿಗ್ಗೆ ಮುದುಕಿಯನ್ನು ಸ್ಟಾರ್ಟ್ ಮಾಡಿ, ಕೂದಲು ಬಿಗಿಯಾಗಿ ಕಟ್ಟಿ, ಮುಂದೆ ನಿಂತು, ಇದೇ ಹಾಳೆಯನ್ನು ಏನೂ ಬರೆಯುವ ಮೊದಲು ರೇಡಿಯೇಟರ್ ಮುಖಕ್ಕೆ ಹಿಡಿದೆ. ಹಾಳೆಯ ಹಿಂಬದಿ ನೋಡು. ಒತ್ತೊತ್ತಾಗಿ ಧೂಳಿನ ಗೆರೆಗಳಿವೆ. ಅವು ತಗಡಿನ ಎಸಳುಗಳ ಗುರುತು. ಬೆರಳಾಡಿಸಿದರೆ ನಿನಗೆ ಫ್ಯಾನ್ ಎಷ್ಟು ಬಿಗಿಯಾಗಿ ಎಳೆಯುತ್ತಿತ್ತೆಂದು ತಿಳಿಯುತ್ತದೆ.

ಕೈ ಬಿಟ್ಟು ಹಿಂದೆ ಸರಿದೆ. ಹಾಳೆ ಬೀಳಲಿಲ್ಲ.

ನಿನ್ನ ಪುಟ್ಟಿ